ಆಡು, ಟಗರು ಮತ್ತು ನಮ್ಮ ಮಾಸ್ತರ

ಮಾಸ್ತರ ತೀರಿಹೋದ ಸುದ್ದಿ ನಿಲಂಗಾದಿಂದ ಫೋನಿನಲ್ಲಿ ಬಂದಾಗ ನಾನು ಉಮರ್ಗಾದ ಗೊಬ್ಬರದ ಅಂಗಡಿಯಲ್ಲಿ ಸೋಯಾ ಬೀಜದ ಚೀಲ ಇಳಿಸಿಕೊಳ್ಳುತ್ತಿದ್ದೆ. ನನ್ನ ಬಾಯಿಂದ ಹೊರಬಿದ್ದ ಮೊದಲ ಮಾತು, "ಕರೆಂಟ್ ಹೊಡೀತೇನ್ರಿ?" ಎಂಬುದು. ಥೂ, ಸಾವಿನ ಮನೆಗೆ ಕೇಳುವ ಮಾತೇ ಅದು! ಆದರೆ ಅವರನ್ನು ಬಲ್ಲವರು ಯಾರೇ ಆಗಲಿ, ಮೊದಲು ಅದನ್ನೇ ಕೇಳುತ್ತಿದ್ದರು. ಆ ಕಡೆಯಿಂದ ಅವರ ಅಕ್ಕ, "ಇಲ್ಲೋ ತಮ್ಮಾ, ಹಾಸಿಗ್ಯಾಗೇ ಹ್ವಾದ. ಚಹಾ ತಗೊಂಡು ಹೋಗಿ ಎಬ್ಬಿಸಿದ್ರ ಏಳಲೇ ಇಲ್ಲ" ಅಂದರು. ಜೀವಮಾನವೆಲ್ಲ ಕರೆಂಟಿಗೆ ಅಂಜಿದ ಮನುಷ್ಯ ಕರೆಂಟಿನಿಂದ ಸಾಯಲಿಲ್ಲ. ಅದನ್ನು ಕೇಳಿ ಮೊದಲು ಸಮಾಧಾನವಾಯಿತು. ಆಮೇಲೆ ಚೀಲದ ಮೇಲೆ ಕುಳಿತು ಅತ್ತೆ.

ಅವರ ಹೆಸರು ಹೇಳುವುದಿಲ್ಲ. ಮರಾಠಿ ಗಡಿಯ ಈ ಸೀಮೆಯ ಆರ್ಕೆಸ್ಟ್ರಾದವರಿಗೆಲ್ಲ ಅವರು ಬರೀ ಮಾಸ್ತರ. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ನಿಲಂಗಾದಲ್ಲಿ ರೇಡಿಯೋ, ಮಿಕ್ಸರ್, ಮೋಟಾರು ರಿಪೇರಿಯ ಚಿಕ್ಕದೊಂದು ಅಂಗಡಿ ಇಟ್ಟುಕೊಂಡಿದ್ದರು. ಲಗ್ನದ ಹಂಗಾಮು ಬಂದರೆ ಅಂಗಡಿಗೆ ಬೀಗ ಹಾಕಿ ನಮ್ಮ ಆರ್ಕೆಸ್ಟ್ರಾದ ಜೊತೆ ಎಲೆಕ್ಟ್ರಿಕ್ ಗಿಟಾರ್ ಬಾರಿಸಲು ಹೊರಡುತ್ತಿದ್ದರು. ವಲಾಂಡಿ ಕಡೆಯ ಕುರಿ ಸಾಕುವ ಮನೆತನ ಅವರದು. ಅಪ್ಪ ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸಿದವರು. ಡೊಳ್ಳಿನ ಮನೆಯೊಳಗೆ ಗಿಟಾರ್ ಹೇಗೆ ಹೊಕ್ಕಿತು ಎಂದು ಕೇಳಿದರೆ ಅದನ್ನು ಹೇಳುತ್ತಿರಲಿಲ್ಲ. "ಡೊಳ್ಳಿಗಿ ವೈರ್ ಇಲ್ಲ ನೋಡು. ಪುಣ್ಯವಂತ ನಮ್ಮಪ್ಪ" ಅನ್ನುತ್ತಿದ್ದರು.

ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿದರೆ ಇವರು ಟೆಸ್ಟರ್ ಸಿಕ್ಕಿಸುತ್ತಿದ್ದರು. ಸ್ಟೇಜಿನ ಮೇಲೆ ನಾವೆಲ್ಲ ಮಿಂಚುವ ಕೋಟು, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ನಿಂತಿದ್ದರೆ ಇವರು ಅದೇ ಕೋಟಿನ ಕೆಳಗೆ ದಪ್ಪ ರಬ್ಬರಿನ ಚಪ್ಪಲಿ. ಯಾರ ಮನೆಗೆ ಹೋದರೂ ನಲ್ಲಿ, ಫ್ರಿಜ್ಜು, ಕಬ್ಬಿಣದ ಬಾಗಿಲು, ಏನೇ ಇರಲಿ, ಮೊದಲು ಬೆರಳಿನ ಬೆನ್ನು ತಾಗಿಸಿ ನೋಡಬೇಕು. ಅಂಗೈಯಿಂದ ಮುಟ್ಟಿದರೆ ಕರೆಂಟು ಕೈಯನ್ನು ಮುಷ್ಟಿ ಕಟ್ಟಿಸಿ ಹಿಡಿದುಬಿಡುತ್ತದಂತೆ, ಬೆನ್ನಿನಿಂದ ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಹಾರುತ್ತದಂತೆ. ನನಗೆ ಹೆಣ್ಣು ನೋಡಲು ಉದಗೀರಕ್ಕೆ ಹೋದಾಗ ಹಿರಿಯರೊಬ್ಬರು ಜೊತೆಗಿರಲಿ ಎಂದು ಅವರನ್ನು ಕರೆದುಕೊಂಡು ಹೋಗಿದ್ದೆ. ಹುಡುಗಿ ಸ್ಟೀಲಿನ ತಟ್ಟೆಯಲ್ಲಿ ಅವಲಕ್ಕಿ ಪೋಹೆ ತಂದು ಹಿಡಿದರೆ ಈ ಪುಣ್ಯಾತ್ಮ ತಟ್ಟೆಯನ್ನೂ ಬೆರಳಿನ ಬೆನ್ನಿನಿಂದ ಮುಟ್ಟಿ ನೋಡಿ ಆಮೇಲೆ ತೆಗೆದುಕೊಂಡರು. ಹುಡುಗಿ ಕಿಸಕ್ಕನೆ ನಕ್ಕಳು. ಈಗ ಆಕೆ ನನ್ನ ಹೆಂಡತಿ, ಇವತ್ತಿಗೂ ಅದನ್ನು ನೆನೆಸಿ ನಗುತ್ತಾಳೆ.

ಅಂಜುವವನ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ನಾವು ಎಸೆಯುತ್ತಿದ್ದದ್ದು ವೈರು. ಅವರು ಊಟಕ್ಕೆ ಕುಳಿತಾಗ ಹಿಂದಿನಿಂದ ಹೋಗಿ ಕುತ್ತಿಗೆಯ ಮೇಲೆ ಒಂದು ತುಂಡು ವೈರು ಬಿಟ್ಟರೆ ಮಾರುದ್ದ ಹಾರುತ್ತಿದ್ದರು. ತಟ್ಟೆ ಒಂದು ಕಡೆ, ರೊಟ್ಟಿ ಒಂದು ಕಡೆ. ಅದರಲ್ಲಿ ನಾನೇ ಮುಂದು. ದಾಳಿಂಬ ಎಂಬ ಊರಿನ ಹೊಲಮನೆಯ ಹುಡುಗ, ವಿಭೂತಿ ಹಚ್ಚಿಕೊಂಡು ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವನು, ಯಾರಿಗೂ ಯಾವುದಕ್ಕೂ ಅಂಜದವನು ಎಂಬ ಸೊಕ್ಕು ಇತ್ತು ನನಗೆ. ಮಾಸ್ತರ ಬಯ್ಯುತ್ತಿರಲಿಲ್ಲ. ಬಿದ್ದ ರೊಟ್ಟಿ ಎತ್ತಿಕೊಂಡು ಧೂಳು ಒರೆಸಿ, "ನಗ್ರಿ ನಗ್ರಿ. ನಗಲಿಕ್ಕ ಬಾಯಿ ಇರಬೇಕಲ್ಲ, ಅದ ನೋಡ್ರಿ ಇನ್ನಾ" ಅನ್ನುತ್ತಿದ್ದರು.

ಅವರು ಲಗ್ನ ಮಾಡಿಕೊಳ್ಳಲಿಲ್ಲ. ಅದಕ್ಕೂ ಅಂಜಿದ ಎಂದು ಊರು ನಗುತ್ತಿತ್ತು. ಮನೆಯಲ್ಲಿದ್ದವರು ಅವರ ಅಕ್ಕ. ಅಕ್ಕನನ್ನು ಸಾಸ್ತೂರಕ್ಕೆ ಕೊಟ್ಟಿದ್ದರು. ಗಂಡ ಹಾಡುಗಾರ; ನಮ್ಮ ಕಡೆ ಅಕ್ಕನ ಗಂಡನಿಗೆ ದಾಜಿ ಅನ್ನುತ್ತೇವೆ. ಆ ದಾಜಿ ಒಂದು ಲಗ್ನದಲ್ಲಿ ಸ್ಟೇಜಿನ ಮೇಲೆಯೇ ಶಾಕ್ ಹೊಡೆದು ಸತ್ತ. ಅದು ತೊಂಬತ್ತಮೂರರ ಭೂಕಂಪಕ್ಕೆ ಎರಡು ವರ್ಷ ಮೊದಲಿನ ಮಾತು. ಅಕ್ಕ ಕಂಕುಳಲ್ಲಿ ಹೆಣ್ಣು ಕೂಸನ್ನು ಎತ್ತಿಕೊಂಡು ತಮ್ಮನ ಮನೆಗೆ ಬಂದವರು ಅಲ್ಲಿಯೇ ಉಳಿದರು. ಆ ಕೂಸನ್ನು ಸಾಕಿ, ಓದಿಸಿ, ಲಗ್ನ ಮಾಡಿ, ಆಮೇಲೆ ಆಕೆಯ ಮಗಳನ್ನೂ ತಮ್ಮಲ್ಲಿಯೇ ಇಟ್ಟುಕೊಂಡು ಓದಿಸುತ್ತಿದ್ದವರು ಮಾಸ್ತರ. ಇಷ್ಟು ಊರಿಗೆಲ್ಲ ಗೊತ್ತಿತ್ತು. ದಾಜಿ ಸತ್ತ ಮೇಲೆ ಇವರಿಗೆ ಕರೆಂಟಿನ ಹೆದರಿಕೆ ಹೊಕ್ಕಿತು ಎಂದು ಎಲ್ಲರೂ ತಿಳಿದಿದ್ದರು, ನಾನೂ ಹಾಗೆಯೇ ತಿಳಿದಿದ್ದೆ.

ಈಗ ಗಿಟಾರಿನ ಮಾತು ಹೇಳಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ನೂರು ನಮೂನೆ ಇದ್ದರೂ ಹಳೆಯ ಕಾಲದಿಂದ ನಡೆದುಬಂದ ದೊಡ್ಡ ಜಾತಿ ಎರಡೇ ಎಂಬುದು ಮಾಸ್ತರರ ಮಾತು. ಅವುಗಳಿಗೆ ಅವರು ತಮ್ಮ ಹಟ್ಟಿಯ ಹೆಸರನ್ನೇ ಇಟ್ಟಿದ್ದರು, ಆಡು ಮತ್ತು ಟಗರು. ಆಡು ಅಂದರೆ ತೆಳು ಮೈ, ಮೇಲೆ ಕೆಳಗೆ ಎರಡು ಕೊಂಬು, ಸ್ಕ್ರೂ ಹಾಕಿ ಜೋಡಿಸಿದ ಉದ್ದ ಕುತ್ತಿಗೆ. ತಂತಿಯ ಕೆಳಗೆ ಸ್ವರ ಹಿಡಿಯುವ ತಾಮ್ರದ ಸುರುಳಿ ಮೂರು, ಒಂದೊಂದೂ ಒಂಟಿ. ಟಗರು ಅಂದರೆ ದಪ್ಪ ಭಾರದ ಮೈ, ಉಬ್ಬಿದ ಎದೆ, ಒಂದೇ ಕೊಂಬು, ಅಂಟು ಹಾಕಿ ಕೂಡಿಸಿದ ಕುತ್ತಿಗೆ. ಅದರಲ್ಲಿ ಸುರುಳಿಗಳು ಜೋಡಿ ಜೋಡಿ. ಒಂಟಿ ಸುರುಳಿ ಸುತ್ತಲಿನ ಲೈಟು, ಮೋಟಾರು, ವೈರು ಎಲ್ಲದರ ಗದ್ದಲವನ್ನೂ ಹಿಡಿದು ಸದಾ ಗುಂಯ್ ಅನ್ನುತ್ತಿರುತ್ತದೆ. ಜೋಡಿ ಸುರುಳಿಯಲ್ಲಿ ಒಂದರ ಗದ್ದಲವನ್ನು ಇನ್ನೊಂದು ನುಂಗುತ್ತದೆ. ಬಾರಿಸದಿದ್ದರೆ ಟಗರು ಸದ್ದಿಲ್ಲದೆ ಕೂರುತ್ತದೆ.

ಅವರ ಕೈಯಲ್ಲೇ ಕಲಿತ ನನಗೆ ಸ್ವಂತ ಗಿಟಾರ್ ಕೊಳ್ಳುವ ಕಾಲ ಬಂದಾಗ ಉದಗೀರದಲ್ಲಿ ಒಂದು ಆರ್ಕೆಸ್ಟ್ರಾ ಮುಚ್ಚಿ, ಸಾಮಾನು ಮಾರುತ್ತಿದ್ದಾರೆ ಎಂದು ಸುದ್ದಿ ಬಂತು. ಮಾಸ್ತರರನ್ನು ಕರೆದುಕೊಂಡು ಹೋದೆ. ಅಲ್ಲಿ ಮಂಚದ ಮೇಲೆ ಎರಡನ್ನೂ ಮಲಗಿಸಿದ್ದರು. ಒಂದು ಬಿಳಿಯ ಆಡು, ಒಂದು ಜೇನುಬಣ್ಣದ ಟಗರು. ಮಾಸ್ತರ ಎರಡಕ್ಕೂ ಬೆರಳಿನ ಬೆನ್ನು ತಾಗಿಸಿದರು. ವೈರು ಜೋಡಿಸದೆ ಬಿದ್ದಿದ್ದ ಗಿಟಾರಿಗೆ! ನಾನು ನಕ್ಕೆ.

ಮೊದಲು ಆಡನ್ನು ಎತ್ತಿ ಬಾರಿಸಿದರು. ಸ್ವರ ಗಂಟೆಯಂತೆ ಸ್ಪಷ್ಟ, ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಕೈ ತೆಗೆದ ಕೂಡಲೇ ಗುಂಯ್ ಗುಂಯ್. ಆಮೇಲೆ ಟಗರನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಒಂದು ಸಾಲು ಬಾರಿಸಿದರು. ಅಬ್ಬಾ! ಸ್ವರ ಎಮ್ಮೆಯ ಹಾಲಿನ ಹಾಗೆ ಗಟ್ಟಿ. ಎಳೆದರೆ ಎಳೆದಷ್ಟು ಬರುತ್ತಿತ್ತು, ಸಾಯುತ್ತಲೇ ಇರಲಿಲ್ಲ. ಮಾಸ್ತರ ಕಣ್ಣು ಮುಚ್ಚಿದ್ದರು. ಸ್ವರ ಮುಗಿದಾಗ ಕೋಣೆಯಲ್ಲಿ ಒಂದಿಷ್ಟೂ ಸದ್ದಿಲ್ಲ. ಅವರು ಕಣ್ಣು ತೆರೆದು, ಸುಟ್ಟ ಪಾತ್ರೆ ಮುಟ್ಟಿದವರ ಹಾಗೆ ಅದನ್ನು ಗಕ್ಕನೆ ಮಂಚದ ಮೇಲಿಟ್ಟರು.

"ಆಡು ತಗೋ" ಅಂದರು.

"ಮಾಸ್ತರ, ಖರೆ ಹೇಳ್ರಿ, ಯಾವುದರ ಸ್ವರ ಚಂದ ಅದ?"

"ಸ್ವರ ಟಗರಿಂದೇ ಚಂದ. ಸುಳ್ಳು ಯಾಕ ಹೇಳ್ಲಿ?"

"ಮತ್ತ?"

"ಮತ್ತ ಏನು ಮತ್ತ! ನಾವು ಬಾರಿಸೋ ಜಾಗಾ ಎಂಥಾದ್ದು ಅದ ಅಂತ ನಿನಗ ಗೊತ್ತಿಲ್ಲೇನು? ಆಡು ಬಾಯಿ ಮಾಡ್ತದ. ಅದರ ಗುಂಯ್ ಕೇಳ್ಲತ್ತದ ಅಂದ್ರ ಕರೆಂಟು ತನ್ನ ದಾರಿ ಹಿಡದು ಹೊಂಟದ ಅಂತ ತಿಳಕೋ. ಗುಂಯ್ ನಿಂತ್ರ ಕೈ ಬಿಡು. ಟಗರು ಮೊದಲೇ ಮೂಕ. ಬದುಕ್ಯದೋ ಸತ್ತದೋ ಹ್ಯಾಂಗ ತಿಳೀಬೇಕು?"

ಜಾಗ ಎಂಥದ್ದು ಎಂದರೆ, ಕೇಳಿ. ಲಗ್ನದ ಮಂಟಪ ಹೊಲದಲ್ಲಿ, ಕರೆಂಟು ಬರುವುದು ಆಕಡಾದಿಂದ. ಉದ್ದನೆಯ ಬಿದಿರಿನ ತುದಿಗೆ ಕೊಕ್ಕೆ ಕಟ್ಟಿ, ವೈರು ಸುತ್ತಿ, ಮೇಲೆ ಹೋಗುವ ಲೈನಿಗೆ ಸಿಕ್ಕಿಸುವುದಕ್ಕೆ ಆಕಡಾ ಅನ್ನುತ್ತಾರೆ. ಬರುವ ವೈರು ಆಯಿತು, ಹೋಗುವ ವೈರು ಬೇಡವೇ? ಅದಕ್ಕೆ ಒಂದು ಕಬ್ಬಿಣದ ಗೂಟವನ್ನು ನೆಲದಲ್ಲಿ ಹೊಡೆದು, ವೈರು ಬಿಗಿದು, ಬುಡಕ್ಕೆ ನೀರು ಸುರಿಯುತ್ತಾರೆ. ಭೂಮಿತಾಯಿಯೇ ಎರಡನೆಯ ವೈರು. ನಮ್ಮ ಆಂಪ್ಲಿಫೈಯರ್ ಪೆಟ್ಟಿಗೆಯ ಮೈಯನ್ನೂ ಅದೇ ಗೂಟಕ್ಕೆ ಕಟ್ಟುತ್ತಿದ್ದರು. ಗೂಟದ ಬುಡ ಒಣಗಿದರೆ, ಅಥವಾ ಯಾರಾದರೂ ಅದನ್ನು ಕಿತ್ತರೆ, ಪೆಟ್ಟಿಗೆ ಸತ್ತುಹೋಗುತ್ತದೆ, ಅದರ ಕೆಂಪು ದೀಪ ಆರುತ್ತದೆ. ಕರೆಂಟು ಹೋಯಿತು ಅಂದುಕೊಳ್ಳುತ್ತೇವೆ. ಹೋಗಿರುವುದಿಲ್ಲ. ಹೋಗಲು ದಾರಿ ಸಿಗದೆ ಪೆಟ್ಟಿಗೆಯ ಮೈಯಲ್ಲಿ, ಗಿಟಾರಿನ ತಂತಿಯಲ್ಲಿ ಬಂದು ನಿಂತಿರುತ್ತದೆ. ಬಾರಿಸುವವನು ಇನ್ನೊಂದು ಕಬ್ಬಿಣ ಮುಟ್ಟುವುದೊಂದೇ ಬಾಕಿ.

ಅದಕ್ಕೇ ಮಾಸ್ತರ ಪ್ರತಿ ಪ್ರೋಗ್ರಾಮಿನ ಮೊದಲು ಬಕೀಟು ಹಿಡಿದು ಗೂಟಕ್ಕೆ ಉಪ್ಪುನೀರು ಸುರಿಯುತ್ತಿದ್ದರು, ನಡುನಡುವೆ ಎದ್ದು ಹೋಗಿ ಮತ್ತೆ ಸುರಿಯುತ್ತಿದ್ದರು. ನಾವು, "ಮಾಸ್ತರರ ಅಭಿಷೇಕ ನಡದದ, ಆರತಿ ತರ್ರಿ" ಎಂದು ಕುಹಕವಾಡುತ್ತಿದ್ದೆವು.

ಇಷ್ಟೆಲ್ಲ ತಿಳಿದೂ ನಾನು ಟಗರನ್ನೇ ತೆಗೆದುಕೊಂಡೆ. ಅದರ ಬಣ್ಣ ನೋಡಿ, ಅದರ ಭಾರ ಹೆಗಲ ಮೇಲೆ ಕೂರುವ ಗತ್ತು ನೋಡಿ. ಮಾಸ್ತರ ಬೇಡಿಕೊಂಡರು. "ಅಪ್ಪಾ, ನನ್ನ ಮಾತು ಕೇಳು" ಅಂದರು. ಮನೆಯ ಹಿರಿಯರು ಹಾಗೆ ಬೇಡಿಕೊಂಡದ್ದನ್ನು ನಾನು ನೋಡಿದವನಲ್ಲ, ನನಗೆ ರೇಗಿಹೋಯಿತು. "ನಿಮ್ಮ ಅಂಜಿಕಿ ನಿಮ್ಮ ಹತ್ರಾನೇ ಇರ್ಲಿ, ನನಗ್ಯಾಕ ಹಚ್ತೀರಿ?" ಅಂದುಬಿಟ್ಟೆ. ಮರಳಿ ಬರುವಾಗ ಶೇರ್ ಆಟೋದಲ್ಲಿ ಟಗರನ್ನು ಅವರ ತೊಡೆಯ ಮೇಲೆಯೇ ಇಡಬೇಕಾಯಿತು, ಬೇರೆ ಜಾಗವಿರಲಿಲ್ಲ. ನಿಲಂಗಾ ಬರುವ ತನಕ ಅವರು ತಂತಿಗೆ ಬೆರಳು ತಾಗದ ಹಾಗೆ ಅದನ್ನು ಹಿಡಿದು ಕುಳಿತಿದ್ದರು.

ಆ ಬೇಸಿಗೆ ವಲಾಂಡಿಯ ಆಚೆ, ಹೊಲಗಳ ನಡುವಿನ ನಾಲ್ಕಾರು ಮನೆಯ ಒಂದು ವಸ್ತಿಯಲ್ಲಿ ಲಗ್ನ. ಸಂಜೆಯ ಮುಹೂರ್ತ, ನಾಲ್ಕು ಗಂಟೆಗೇ ಮಂಟಪ ತುಂಬಿತ್ತು. ಮೈಕುಗಳು ಮಂಟಪದವನ ಜನರೇಟರಿನ ಮೇಲೆ, ಅದಕ್ಕೆ ನೆಲದಲ್ಲಿ ಬೇರೆಯೇ ಗೂಟ. ನಮ್ಮ ಪೆಟ್ಟಿಗೆಯ ಭಾರ ಜನರೇಟರ್ ಹೊರುವುದಿಲ್ಲ ಎಂದು ಅವನು ಹಟ ಹಿಡಿದದ್ದರಿಂದ ನಮಗೆ ಆಕಡಾ ಗತಿಯಾಯಿತು. ಮಾಸ್ತರ ಗೂಟಕ್ಕೆ ಎರಡು ಬಕೀಟು ನೀರು ಹಾಕಿ ಬಂದರು. ಅವರ ಆಡು, ನನ್ನ ಟಗರು, ಎರಡೂ ಒಂದೇ ಪೆಟ್ಟಿಗೆಗೆ. ನಾಲ್ಕು ಹಾಡು ಚೆನ್ನಾಗಿ ನಡೆದವು. ಆಮೇಲೆ ಸತ್ಕಾರ ಸುರುವಾಯಿತು. ನಮ್ಮ ಕಡೆ ಅಕ್ಷತೆಗಿಂತ ಮೊದಲು ಊರಿನ ಪುಢಾರಿಗಳಿಗೆಲ್ಲ ಶಾಲು, ಪೇಟಾ ಆಗಬೇಕು, ಅವರು ಎರಡು ಮಾತು ಆಡಬೇಕು. ದೊಡ್ಡ ಪುಢಾರಿಯೊಬ್ಬರು ಕೈಯಲ್ಲಿ ಮೈಕು ಹಿಡಿದು ಮರಾಠಿಯಲ್ಲಿ ಭಾಷಣ ಹೊಡೆಯುತ್ತಿದ್ದರು. ನಾನು ಟಗರನ್ನು ಹೆಗಲಿಗೆ ಹಾಕಿಕೊಂಡು, ಎಡಗೈಯಲ್ಲಿ ಕುತ್ತಿಗೆ ಹಿಡಿದು ಸ್ಟ್ಯಾಂಡಿನ ಮೈಕಿನ ಮುಂದೆ ನಿಂತಿದ್ದೆ. ಭಾಷಣ ಮುಗಿದ ಕೂಡಲೇ ನಾನು ಹಾಡಬೇಕು.

ಆಗ ಹಿಂದಿನಿಂದ ಮಾಸ್ತರರ ಕೂಗು.

"ಕೈ ಬಿಡು! ಏ, ತಂತಿ ಬಿಡು! ಕೈ ಬಿಡೋ!"

ಭಾಷಣ ನಿಂತಿತು. ಸಾವಿರ ಕಣ್ಣು ನಮ್ಮ ಕಡೆ ತಿರುಗಿದವು. ಯಾರೋ ಮರಾಠಿಯಲ್ಲಿ, "ಕಾಯ ಝಾಲಂ ರೇ?" ಎಂದು ಏನಾಯಿತೆಂದು ಕೇಳಿದರು. ಮದುಮಗನ ಕಾಕಾ ಕಣ್ಣು ಕೆಂಪು ಮಾಡಿ ಎದ್ದು ನಿಂತ. ನನಗೆ ಮುಖವೆಲ್ಲ ಉರಿ. ಈ ಮುದುಕ ಮರ್ಯಾದೆ ತೆಗೆದನಲ್ಲ ಅನ್ನಿಸಿತು. ಟಗರಿನಿಂದ ನನಗೆ ಯಾವ ಸೂಚನೆಯೂ ಇರಲಿಲ್ಲ, ಅದು ಎಂದಿನ ಹಾಗೆ ಮೂಕವಾಗಿತ್ತು; ಅವರ ಆಡಿನ ಗುಂಯ್ ನಿಂತದ್ದು ಭಾಷಣದ ಗದ್ದಲದಲ್ಲಿ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಪುಢಾರಿಯನ್ನು ಸಮಾಧಾನ ಮಾಡೋಣ, "ಮಾಫ್ ಕರಾ ಸಾಹೇಬ" ಅನ್ನೋಣ ಎಂದು ಮೈಕಿಗೆ ಬಾಗಿದೆ. ತುಟಿ ತಾಗಿತು.

ಬಾಯಿಯೊಳಗೆ ಯಾರೋ ಸುತ್ತಿಗೆ ಬೀಸಿದ ಹಾಗಾಯಿತು. ಎಡಗೈ ತಂತಿಗಳನ್ನು ಬಿಗಿಯಾಗಿ ಹಿಡಿದುಬಿಟ್ಟಿತು. ಬಿಡು ಎಂದು ಕೈಗೆ ಹೇಳುತ್ತಿದ್ದೇನೆ, ಅದು ನನ್ನ ಕೈಯೇ ಅಲ್ಲ. ಒದರಬೇಕೆಂದರೆ ದವಡೆ ಬಿಚ್ಚುತ್ತಿಲ್ಲ. ಎದುರಿನ ಸಾಲಿನಲ್ಲಿ ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ಕೂಸಿಗೆ ನೀರು ಕುಡಿಸುತ್ತಿದ್ದದ್ದು ಕಾಣುತ್ತಿತ್ತು. ಸಾಯುತ್ತಿದ್ದೇನೆ, ಇಷ್ಟು ಮಂದಿ ನೋಡುತ್ತ ಕುಳಿತಿದ್ದಾರೆ, ಒಬ್ಬರಿಗೂ ಗೊತ್ತಾಗುತ್ತಿಲ್ಲ. ಆ ಹೆದರಿಕೆಯನ್ನು ಹೇಗೆ ಬರೆಯಲಿ?

ಮಾಸ್ತರ ನನ್ನನ್ನು ಮುಟ್ಟಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿ ನನ್ನ ಪಕ್ಕೆಗೆ ಬಲವಾಗಿ ಬೀಸಿದರು. ನಾನು ಒಂದು ಕಡೆ, ಮೈಕಿನ ಸ್ಟ್ಯಾಂಡು ಒಂದು ಕಡೆ. ಟಗರು ಕೆಳಗೆ ಬಿದ್ದು ಅದರ ಕುತ್ತಿಗೆ ತಲೆಯ ಹತ್ತಿರ ಲಟಕ್ಕೆಂದು ಮುರಿಯಿತು. ಮಂಟಪದಲ್ಲಿ ಮೊದಲು ಎದ್ದದ್ದು ನಗು. ಮಾಸ್ತರ ಶಿಷ್ಯನಿಗೆ ಕುರ್ಚಿ ತಗೊಂಡು ಹೊಡೆದ ಎಂದುಕೊಂಡಿದ್ದರು.

ಆಮೇಲೆ ಹೋಗಿ ನೋಡಿದರೆ ಗೂಟ ಜಾಗದಲ್ಲಿರಲಿಲ್ಲ. ಮದುಮಗನ ಕುದುರೆ ತಂದವನು ಅದಕ್ಕೆ ಕುದುರೆ ಕಟ್ಟಿದ್ದ. ಒದ್ದೆ ನೆಲ, ಕುದುರೆ ಒಮ್ಮೆ ಕತ್ತು ಕೊಡವಿದ್ದೇ ಸಾಕು, ಗೂಟ ಕಿತ್ತು ಬಂದಿತ್ತು. ಕುದುರೆ ಮಾತ್ರ ಆಗಲೇ ದೂರ ಹೋಗಿ ಮೇಯುತ್ತಿತ್ತು. "ಗಟ್ಟಿ ಗೂಟ ಕಾಣಸ್ತು, ಕಟ್ಟಿದ್ನಿರಿ. ಕರೆಂಟಿಂದು ಅಂತ ನನಗೇನು ಗೊತ್ತು?" ಎಂದು ಅವನು ಅಳುದನಿ ಮಾಡಿದ. ಅವನನ್ನಾದರೂ ಏನಂತ ಬಯ್ಯುವುದು? ನೆಲದಲ್ಲಿ ಗೂಟ ಕಂಡರೆ ದನ ಕಟ್ಟುವ ಜನ ನಾವು.

ದವಾಖಾನೆಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ ತುಟಿಗೆ, ಬೆರಳಿಗೆ ಮುಲಾಮು ಹಚ್ಚಿದ್ದರು. ಬೆರಳುಗಳ ಮೇಲೆ ತಂತಿಯ ಗೆರೆಗಳು ಸುಟ್ಟು ಮೂಡಿದ್ದವು. ಮಾಸ್ತರ ಪಕ್ಕದಲ್ಲಿ ಕುಳಿತು ಗಡಗಡ ನಡುಗುತ್ತಿದ್ದರು. ಶಾಕ್ ನನಗೆ, ನಡುಕ ಅವರಿಗೆ. ತಾವಾಗಿಯೇ ಬಾಯಿ ತೆರೆದರು.

"ನಮ್ಮ ದಾಜಿ ಹಿಂಗೇ ಸತ್ತಾನ."

ಗೊತ್ತು ಎಂದು ತಲೆ ಆಡಿಸಿದೆ.

"ಗೊತ್ತಿಲ್ಲ ನಿನಗ. ಯಾರಿಗೂ ಗೊತ್ತಿಲ್ಲ. ಅವತ್ತ ದಾಜಿ ಕೈಯಾಗ ಟಗರು, ನನ್ನ ಕೈಯಾಗ ಆಡು. ಬಿಸಿಲಿಗಿ ಗೂಟ ಒಣಗ್ಯದ. ಗುಂಯ್ ನಿಂತಿತು. ನನಗ ಕೇಳಸ್ತು. ಏನಾಗ್ಯದ ಅಂತ ಆ ಕ್ಷಣಾನೇ ತಿಳೀತು." ಅವರು ಮೂಗು ಒರೆಸಿಕೊಂಡರು. "ಊರ ಪಾಟೀಲ್ರು ಮಾತಾಡ್ಲತ್ತಿದ್ರು. ನಡುವ ಒದರಿದ್ರ ಕುರಿ ಕಾಯೋನ ಮಗಗ ಸೊಕ್ಕು ಬಂದದ ಅಂತಾರ. ಮಾತು ಮುಗೀಲಿ, ಆಮ್ಯಾಲೆ ದಾಜಿಗಿ ಹೇಳ್ತೀನಿ ಅಂದೆ. ಮಾತು ಮುಗೀತು. ನಾ ಬಾಯಿ ತೆರೆಯೂದ್ರಾಗ ದಾಜಿ ಮೈಕಿಗಿ ಬಾಯಿ ಇಟ್ಟಿದ್ದ."

ನನ್ನ ತುಟಿ ಸುಟ್ಟು ಮಾತು ಹೊರಡುವ ಹಾಗಿರಲಿಲ್ಲ.

"ಮಂದಿ ನನಗ ಕರೆಂಟಿಗಿ ಅಂಜತಾನ ಅಂತಾರ. ಅವತ್ತ ನಾ ಕರೆಂಟಿಗಿ ಅಂಜಿದ್ರ ದಾಜಿ ಉಳೀತಿದ್ದ. ಮಂದಿಗಿ ಅಂಜಿದೆ."

ಅಕ್ಕನಿಗೆ ಇದು ಗೊತ್ತೇ ಎಂದು ಸನ್ನೆಯಲ್ಲೇ ಕೇಳಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಇಲ್ಲ. ದಿನಾ ಅಕಿ ಕೈಯಾಗೇ ಉಣ್ತೀನಿ, ಹ್ಯಾಂಗ ಹೇಳ್ಲಿ? ಒಂದು ದಿನ ನಾನೇ ಹೇಳಾಂವ. ನೀ ಬಾಯಿ ಬಿಡಬ್ಯಾಡ, ಬೀರಪ್ಪನ ಆಣಿ ಅದ."

ಅಂದಿನಿಂದ ಹೆದರಿಕೆ ನನಗೂ ಅಂಟಿತು. ನಾನೂ ರಬ್ಬರಿನ ಚಪ್ಪಲಿಗೆ ಬಂದೆ, ಟೆಸ್ಟರಿಗೆ ಬಂದೆ. ಮಾಸ್ತರ ತಾವೇ ಸುರುಳಿ ಸುತ್ತಿ ನನಗೊಂದು ಆಡು ಮಾಡಿಕೊಟ್ಟರು. ಮುರಿದ ಟಗರನ್ನು ಅಂಟು ಹಾಕಿ, ಹಗ್ಗ ಬಿಗಿದು, ತಿಂಗಳುಗಟ್ಟಲೆ ಕೂತು ಸರಿ ಮಾಡಿದರು. ನನಗೆ ಬೇಡವಾಗಿತ್ತು. ಅವರು ಅದನ್ನು ಯಾರಿಗೂ ಕೊಡಲೂ ಇಲ್ಲ, ಬಾರಿಸಲೂ ಇಲ್ಲ. ಗೋಡೆಗೆ ಆನಿಸಿ ಇಟ್ಟರು.

ಇಷ್ಟು ವರ್ಷಗಳಲ್ಲಿ ನಿಲಂಗಾಕ್ಕೆ ಹೋದಾಗಲೆಲ್ಲ ನಾನು ಅವರ ಮುಖ ನೋಡುತ್ತಿದ್ದೆ, ಹೇಳಿದರೇ ಎಂದು. ಅವರು ಇಲ್ಲ ಎಂದು ಮೆಲ್ಲಗೆ ತಲೆ ಆಡಿಸುತ್ತಿದ್ದರು. ಅವರು ಸಾಯುವ ಹದಿನೈದು ದಿನ ಮೊದಲು ಹೋಗಿದ್ದೆ. ಅಕ್ಕ ನಮ್ಮಿಬ್ಬರಿಗೂ ಊಟಕ್ಕೆ ಬಡಿಸಿ ಎದುರಿಗೆ ಕುಳಿತರು. ಮಾಸ್ತರ ತುತ್ತು ಕೈಯಲ್ಲೇ ಹಿಡಿದು, "ಅಕ್ಕಾ" ಅಂದರು. ನಾನು ಉಣ್ಣುವುದು ಬಿಟ್ಟು ಅವರ ಕಡೆ ತಿರುಗಿದೆ. "ಏನೋ?" ಅಂದರು ಅಕ್ಕ. "ಏನಿಲ್ಲ. ಪಲ್ಯಾಕ ಉಪ್ಪು ಜರಾ ಕಮ್ಮಿ ಅದ" ಅಂದರು ಮಾಸ್ತರ. ಅಕ್ಕ ಎದ್ದು ಉಪ್ಪು ತಂದುಹಾಕಿದರು. ಪಲ್ಯಕ್ಕೆ ಉಪ್ಪು ಸರಿಯಾಗಿಯೇ ಇತ್ತು. ಮಾಸ್ತರ ಆ ಉಪ್ಪುಪ್ಪು ಪಲ್ಯವನ್ನು ಪೂರ್ತಿ ಉಂಡರು.

ಮೂರನೆಯ ದಿನದ ಕಾರ್ಯಕ್ಕೆ ಹೋದೆ. ನಡುಮನೆಯಲ್ಲಿ ಅವರ ಫೋಟೋಕ್ಕೆ ಹಾರ ಹಾಕಿ ದೀಪ ಹಚ್ಚಿದ್ದರು. ಬಂಧುಗಳು ಗೋಡೆಗೆ ಆನಿಕೊಂಡು ಕುಳಿತಿದ್ದರು. ಅಕ್ಕನ ಮೊಮ್ಮಗಳು ಉದಗೀರದ ಕಾಲೇಜಿನಲ್ಲಿ ಓದುತ್ತಾಳೆ, ಹತ್ತೊಂಬತ್ತರ ಹುಡುಗಿ, ಮಾಸ್ತರರ ಕೈಯಲ್ಲೇ ಗಿಟಾರ್ ಕಲಿತವಳು. ಎಡೆ ಎಲ್ಲ ಆದ ಮೇಲೆ ಅವಳು ಎದ್ದು ಹೋಗಿ, ಗೋಡೆಗೆ ಆನಿಸಿದ್ದ ಎರಡರಲ್ಲಿ ಟಗರನ್ನು ಎತ್ತಿಕೊಂಡಳು.

"ಕಾಕಾ, ಮುಂದಿನ ವಾರ ನಮ್ಮ ಬ್ಯಾಂಡಿಂದು ಪ್ರೋಗ್ರಾಮ್ ಅದ್ರಿ, ಹಳ್ಳ್ಯಾಗ. ಮಾಸ್ತರಜ್ಜ ಸರಿ ಮಾಡಿದ್ದು ಬಾರಿಸಬೇಕಂತ ಮಾಡೀನಿ. ಇದು ಮೂಲ ನಿಮ್ಮದೇ ಅಲ್ಲ? ಒಯ್ಯಲೇನು?"

ನಾನು ಟಗರಿನ ಕುತ್ತಿಗೆಗೆ ಕೈ ಅಡ್ಡ ಹಿಡಿದೆ. "ಬ್ಯಾಡವ್ವಾ. ಆಡು ತಗೋ."

"ಯಾಕ್ರಿ? ಇದರ ಸ್ವರ ಎಷ್ಟು ಚಂದ ಅದ! ಅದು ಸುಮ್ನ ಗುಂಯ್ ಅಂತದ."

"ಅದಕ್ಕೇ ತಗೋ." ಗೂಟದ ಕತೆ, ಗುಂಯ್ ನಿಂತರೆ ಕೈ ಬಿಡುವ ಕತೆ ಎಲ್ಲ ಹೇಳಿದೆ. ನನ್ನ ಬೆರಳ ಮೇಲಿನ ಗೆರೆ ತೋರಿಸಿದೆ. ಓದಿದ ಹುಡುಗಿ, ಸುಮ್ಮನೆ ಕೇಳಿಸಿಕೊಂಡಳು. ಅವಳ ಹುಬ್ಬು ಮೆಲ್ಲಗೆ ಗಂಟಾಯಿತು.

"ಮತ್ತ ನಮ್ಮಜ್ಜ ಸತ್ತ ದಿನ ಮಾಸ್ತರಜ್ಜ ಆಡೇ ಬಾರಿಸ್ತಿದ್ದನಂತಲ್ಲ? ಅವತ್ತ ಅದರ ಗುಂಯ್ ನಿಂದರಲಿಲ್ಲೇನು?"

ಮನೆ ತುಂಬ ಮಂದಿ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಹೌದು ಅಂದರೆ ಸತ್ತವನ ಆಣೆ ಮುರಿಯುತ್ತದೆ, ಸತ್ತು ಮೂರು ದಿನವೂ ತುಂಬದ ತಮ್ಮನನ್ನು ಅಕ್ಕನ ಎದುರಿಗೇ ಕೊಲೆಗಾರನನ್ನಾಗಿ ಮಾಡಿದ ಹಾಗೆ. ಇಲ್ಲ ಅಂದರೆ ಈ ಹುಡುಗಿ ನನ್ನ ಮಾತು ನಂಬುವುದಿಲ್ಲ, ಟಗರನ್ನು ಹೆಗಲಿಗೆ ಹಾಕಿಕೊಂಡು ಯಾವುದೋ ಹೊಲದ ಮಂಟಪಕ್ಕೆ ಹೋಗುತ್ತಾಳೆ. ಕರೆಂಟು ಹಿಡಿದಾಗ ಹೇಗೋ ಹಾಗೆಯೇ ದವಡೆ ಬಿಗಿದುಕೊಂಡಿತು.

"ನಿಂತಿತ್ತು."

ಹೇಳಿದವರು ಅಕ್ಕ. ಬಾಗಿಲು ಬಿಟ್ಟು ಬಂದು ಮೊಮ್ಮಗಳ ಎದುರಿಗೆ ನೆಲದ ಮೇಲೆ ಕುಳಿತರು.

"ನಾನೂ ಅಲ್ಲೇ ಇದ್ದೆ, ಹೆಂಗಸರ ಸಾಲಿನ್ಯಾಗ. ನಿಮ್ಮವ್ವ ತೊಡಿ ಮ್ಯಾಲೆ ಮಲಗಿದ್ದಳು. ಇವರಿಬ್ಬರೂ ಮನ್ಯಾಗ ದಿನಾ ಬಾರಿಸ್ತಿದ್ರಲ್ಲ, ಆ ಗುಂಯ್ ನನಗ ಗೊತ್ತಿರ್ಲಿಲ್ಲೇನು? ನಿಂತದ್ದು ಕೇಳಸ್ತು. ಏನೋ ಕೆಟ್ಟದ್ದಾಗ್ಯದ ಅಂತ ಎದಿ ಧಸಕ್ ಅಂತು. ಪಾಟೀಲ್ರು ಮಾತಾಡ್ಲತ್ತಿದ್ರು. ಅಷ್ಟು ಮಂದ್ಯಾಗ ಎದ್ದು ನಿಂತು ಗಂಡನ ಹೆಸರು ಹಿಡದು ಹ್ಯಾಂಗ ಒದರಲಿ? ಒಂದು ಸಲಾನೂ ಆ ಹೆಸರು ಬಾಯಾಗ ತಂದಾಕಿ ಅಲ್ಲ ನಾ. ಸೆರಗು ಬಾಯಿಗಿ ಒತ್ತಿಕೊಂಡು ಸುಮ್ಕ ಕುಂತೆ."

ಮೊಮ್ಮಗಳು ಟಗರನ್ನು ಮೆಲ್ಲಗೆ ಕೆಳಗಿಟ್ಟಳು.

"ತಮ್ಮಗ ಗೊತ್ತಾದ್ರ ಈ ಅಕ್ಕನ ಮಾರಿ ನೋಡಾಂಗಿಲ್ಲ ಅಂತ ಅಂಜಿದೆ. ಇವತ್ತ ಹೇಳ್ತೀನಿ, ನಾಳಿ ಹೇಳ್ತೀನಿ ಅಂತ ಇಷ್ಟು ವರ್ಷ ಹ್ವಾದವು."

ನಾನು ಅವರ ಹತ್ತಿರ ಹೋಗಿ ಕುಳಿತೆ. ಆಣೆಗೆ ಇನ್ನು ಅಂಜಿ ಏನು ಮಾಡುವುದಿತ್ತು? "ಅಕ್ಕಾ, ಅವರಿಗೂ ಕೇಳಿಸಿತ್ರಿ. ಅವರೂ ಪಾಟೀಲ್ರಿಗಿ ಅಂಜಿ ಸುಮ್ಕಿದ್ರು. ನಿಮಗ ಹೇಳ್ಬೇಕಂತ ಕಡೀತನಕ ಒದ್ದಾಡಿದ್ರು."

ಅಕ್ಕ ನನ್ನನ್ನೇ ನೋಡಿದರು. "ಖರೆ ಏನೋ?"

"ಖರೆ ರೀ."

ಅವರು ಫೋಟೋದ ಕಡೆ ತಿರುಗಿದರು.

"ನನಗ ಒಂದು ಮಾತು ಹೇಳಬಾರದಿತ್ತೇನೋ ಹುಚ್ಚಾ" ಅಂದರು.